ಕುಸಿತಕ್ಕೆ ನಾನು ಹುಡುಕಿದ ಕಾರಣಗಳು

ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗಾಗಿ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಸ್ಥೆಯವರು ಕೇಳಿದಾಗ ನಾನು ನೆನಪಿನಿಂದಲೇ ಬರೆಯತೊಡಗಿದ್ದೆ. ಅರ್ಧ ಬರೆದ ಮೇಲೆ ಸಂಶಯ ಬಂದು ಹಳೆಯ ರಿಜಿಸ್ಟರುಗಳನ್ನು ತೆಗೆಸಿ ನೋಡಿದೆ. ಎರಡು ಕಡೆ ನೆನಪು ಸುಳ್ಳು ಹೇಳಿತ್ತು. ಎರಡು ಕಡೆಯೂ ನನ್ನ ಪರವಾಗಿಯೇ ಹೇಳಿತ್ತು. ಬರೆದದ್ದನ್ನು ಹರಿದು ಹಾಕಿ ಇದನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ನನ್ನ ಕೆಲಸ ಜನರಿಂದ ಊದಿಸುವುದಾಗಿತ್ತು. ಶ್ವಾಸಕೋಶ ಪರೀಕ್ಷೆಯ ತಂತ್ರಜ್ಞ ಎಂಬುದು ಕಾಗದದ ಮೇಲಿನ ಹೆಸರು. ಜನ ಕರೆಯುತ್ತಿದ್ದುದು ಊದೂ ಮಾಸ್ತರ ಎಂದು. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಬುಧವಾರ ಮುದ್ದೇಬಿಹಾಳ, ಗುರುವಾರ ಬಸವನ ಬಾಗೇವಾಡಿ. ಯಂತ್ರವನ್ನು ಜೀಪಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಸುತ್ತಿ ಮಲಗಿಸಿಕೊಂಡು ಹೋಗುತ್ತಿದ್ದೆವು. ದಾರಿಯಲ್ಲಿ ಯಾರಾದರೂ ಕೈ ಮಾಡಿದರೆ ಚಾಲಕ, "ಪೇಶೆಂಟ್ ಐತ್ರಿ ಒಳಗ, ಜಾಗಾ ಇಲ್ಲ" ಎನ್ನುತ್ತಿದ್ದ.

ಪರೀಕ್ಷೆ ಸರಳ. ಎದೆ ತುಂಬ ಉಸಿರೆಳೆದು, ಕೊಳವೆಯನ್ನು ಬಾಯಲ್ಲಿ ಕಚ್ಚಿ, ಒಳಗಿನದೆಲ್ಲ ಖಾಲಿಯಾಗುವವರೆಗೆ ರಭಸದಿಂದ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಲೀಟರ್ ಗಾಳಿ ಹೊರಬಂತು ಎಂಬುದೇ ಮುಖ್ಯ ಅಂಕಿ. ಆದರೆ ಸಭ್ಯ ಮನುಷ್ಯ ಯಾರೂ ತಾನಾಗಿ ಹಾಗೆ ಊದುವುದಿಲ್ಲ, ಊದಿಸಬೇಕು. "ಊದ್ರಿ, ಊದ್ರಿ, ಬಿಡಬ್ಯಾಡ್ರಿ, ಇನ್ನಾ ಐತಿ ಒಳಗ" ಎಂದು ನಾನು ಕೂಗಿದ್ದು ಇಂಡಿಯ ಬಸ್ ನಿಲ್ದಾಣದವರೆಗೆ ಕೇಳುತ್ತಿತ್ತಂತೆ. ಮೂರು ಸಲ ಊದಿಸಿ ಒಳ್ಳೆಯದನ್ನು ಬರೆದುಕೊಳ್ಳುವುದು. ಪರೀಕ್ಷೆ ಸರಿಯಾಗಿ ಆಗಲಿಲ್ಲ ಎನಿಸಿದರೆ ವರದಿಯ ಕೆಳಗೆ 'ನಂಬಲರ್ಹವಲ್ಲ, ಮತ್ತೊಮ್ಮೆ ಮಾಡಬೇಕು' ಎಂದು ಬರೆದು ಸಹಿ ಮಾಡುವ ಅಧಿಕಾರವೂ ನನಗಿತ್ತು. ಈ ಒಂದು ಸಾಲನ್ನು ನೆನಪಿನಲ್ಲಿಡಿ. ನಿಮ್ಮ ಕೈಗೆ ಸಿಗುವ ಅಧಿಕಾರ ಅಷ್ಟೇ. ಅದೇ ಸಾಕಷ್ಟು ದೊಡ್ಡದು.

ಬಸವನ ಬಾಗೇವಾಡಿಯಲ್ಲಿ, ಮುದ್ದೇಬಿಹಾಳವೂ ಇರಬಹುದು, ಮದುವೆಗಳಲ್ಲಿ ಸನಾದಿ ನುಡಿಸುವ ಮುದುಕರೊಬ್ಬರು ಬಂದರು. ಗಾಳಿ ಸೋರಬಾರದೆಂದು ಮೂಗಿಗೆ ಕ್ಲಿಪ್ಪು ಹಾಕಿದೆ. ಅವರು ಕಿತ್ತು ಕೈಗೆ ಕೊಟ್ಟರು.

"ಮೂಗ ಹಿಡದ್ರ ನಾ ಹ್ಯಾಂಗ ಊದ್ಲೆಪಾ?"

"ಊದೂದು ಬಾಯಿಲೆ ಅಲ್ರೀ ಅಜ್ಜಾರ?"

"ಅದು ನಿನ್ನಂಥಾವ್ರು ಊದೂದು."

ಹಿರಿಯರ ಮಾತು ಮೀರಬಾರದೆಂದು ಕ್ಲಿಪ್ಪಿಲ್ಲದೆ ಊದಿಸಿದೆ. ಅವರು ಊದಿದರು, ಊದುತ್ತಲೇ ಇದ್ದರು. ಯಂತ್ರದ ಪೆನ್ನು ಕಾಗದದ ಅಂಚು ದಾಟಿ ಕೆಳಗಿನ ಹಲಗೆಯ ಮೇಲೆ ಗೀಚಿತು. ಗಲ್ಲದಲ್ಲಿ ಗಾಳಿ ಹಿಡಿದು ಅದನ್ನು ಊದುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುವುದು ಅವರ ವಿದ್ಯೆ. ಆ ವರದಿಯನ್ನು ಹಾಗೆಯೇ ಕಳಿಸಿದೆ. ನಮ್ಮ ದೊಡ್ಡ ಡಾಕ್ಟರು ಶುಕ್ರವಾರ ಕಾಗದ ಹಿಡಿದು ಬಂದರು. "ಇವ್ರಿಗೆ ಎಷ್ಟು ಶ್ವಾಸಕೋಶ ಅದಾವಪಾ? ನಾಕಾ?"

ಆ ದಿನದಿಂದ ನನಗೆ ಒಂದು ಚಟ ಹತ್ತಿತು. ಅಂಕಿ ಕಂಡ ಕೂಡಲೇ ಅದನ್ನು ಸಂಶಯಿಸುವುದು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಇದನ್ನೇ ಗುಣವೆಂದು ಕಲಿಸಿದ್ದರು, ಈಗಲೂ ಗುಣವೆಂದೇ ತಿಳಿದಿದ್ದೇನೆ. ಒಂದು ಬೇಸಿಗೆಯಲ್ಲಿ ಇಂಡಿಯ ರೋಗಿಗಳ ಅಂಕಿಗಳೆಲ್ಲ ಒಟ್ಟಿಗೆ ಮೇಲೇರಿದವು. ಹುಡುಕಿದೆ. ಎದೆಯಿಂದ ಬರುವ ಬಿಸಿ ಗಾಳಿ ಯಂತ್ರದೊಳಗೆ ತಣಿದು ಕುಗ್ಗುತ್ತದೆ. ಕೋಣೆಯ ಉಷ್ಣತೆಯನ್ನು ನಾವು ಬೆಳಿಗ್ಗೆ ನಮೂದಿಸಿದರೆ ಯಂತ್ರ ಆ ಕುಗ್ಗಿದ್ದನ್ನು ಲೆಕ್ಕ ಹಾಕಿ ಸೇರಿಸುತ್ತದೆ. ಚಳಿಗಾಲದ ಉಷ್ಣತೆಯೇ ಅದರಲ್ಲಿ ಉಳಿದಿತ್ತು. ಹೊರಗೆ ಕಾದ ಹಂಚಿನಂಥ ಬಿಸಿಲು. ಕುಗ್ಗದ ಗಾಳಿಗೂ ಯಂತ್ರ ಸೇರಿಸಿ ಕೊಡುತ್ತಿತ್ತು. ಅಂದರೆ ಆ ಬೇಸಿಗೆಯಲ್ಲಿ ಇಂಡಿಯವರ ಶ್ವಾಸಕೋಶ ನನ್ನ ಕಾಗದದ ಮೇಲೆ ಮಾತ್ರ ಹಿಗ್ಗಿತ್ತು. ಇದನ್ನು ಕಂಡುಹಿಡಿದದ್ದಕ್ಕೆ ದೊಡ್ಡ ಡಾಕ್ಟರು ಎಲ್ಲರೆದುರು ಹೊಗಳಿದರು. ಅಂದಿನಿಂದ ಉಷ್ಣತೆಯನ್ನು ರಿಜಿಸ್ಟರಿನ ಎಡ ಅಂಚಿನಲ್ಲಿ ಬರೆದಿಡುವ ನಿಯಮವಾಯಿತು.

ಇಷ್ಟು ಹೇಳಿದ್ದು ಕಾಶೀಬಾಯಿಯ ವಿಷಯಕ್ಕೆ ಬರಲು.

ಕಾಶೀಬಾಯಿ ಸಿಂದಗಿ ತಾಲ್ಲೂಕಿನ ಯಂಕಂಚಿಯವರು. ನಲವತ್ತರ ಆಸುಪಾಸು. ಮನೆಯಲ್ಲೇ ರವಿಕೆ, ಲಂಗ ಹೊಲಿಯುವ ಕೆಲಸ. ಅವರ ಶ್ವಾಸಕೋಶ ಒಳಗಿನಿಂದ ಗಟ್ಟಿಯಾಗುತ್ತ ಬಂದು, ಕೊನೆಗೆ ಸಿಲಿಂಡರು ಪಕ್ಕದಲ್ಲಿಲ್ಲದೆ ಕೂತು ಮಾತಾಡಲೂ ಆಗದ ಸ್ಥಿತಿ. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಎರಡೂ ಶ್ವಾಸಕೋಶ ಬದಲಿಸಿದರು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕಂಡ ಅಂಥ ರೋಗಿ ಅವರೊಬ್ಬರೇ. ಹೈದರಾಬಾದಿನವರು ಒಂದು ಏರ್ಪಾಟು ಮಾಡಿದರು: ಆರು ತಿಂಗಳಿಗೊಮ್ಮೆ ಅಲ್ಲಿ ತಪಾಸಣೆ, ನಡುವೆ ಪ್ರತಿ ತಿಂಗಳು ಸಿಂದಗಿಯಲ್ಲಿ ನನ್ನ ಬಳಿ ಊದುವುದು, ನಾನು ಅಂಕಿ ಕಳಿಸುವುದು.

ಮೊದಲ ದಿನ ಗಂಡ ಸಿದ್ದಪ್ಪನ ಜೊತೆ ಬಂದಿದ್ದರು. ಮಾಸ್ಕು ಹಾಕಿದ ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿದ್ದವು.

"ಯಾರ ಶ್ವಾಸಕೋಶ ಅಂತ ಹೇಳೂದಿಲ್ಲಂತ್ರಿ ಅವ್ರು," ಎಂದರು. "ಗಂಡಸಿಂದೋ, ಹೆಂಗಸಿಂದೋ, ಯಾವೂರಿಂದೋ. ನಿಮ್ಮ ಮಷಿನ್ ಏನರ ಹೇಳ್ತೈತೇನ್ರಿ ಸಾಹೇಬ್ರ?"

"ಮಷಿನ್‌ಗೆ ಊರು ಗೊತ್ತಾಗೂದಿಲ್ಲವ್ವಾ. ಎಷ್ಟು ಗಾಳಿ ಅನ್ನೂದಷ್ಟ ಗೊತ್ತು."

"ಇಕಿ ದನಿ ಜೋರಾಗೇತ್ರಿ," ಎಂದ ಸಿದ್ದಪ್ಪ. "ಯಾರೋ ಜಗಳಗಂಟಂದ ಇರಬೇಕು."

ಬದಲಿಸಿದ ಶ್ವಾಸಕೋಶದ ಕಥೆ ಶಸ್ತ್ರಕ್ರಿಯೆಯೊಂದಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಮೊದಲ ವರ್ಷ ಅಂಕಿ ಏರುತ್ತದೆ. ಗಾಯ ಮಾಯುತ್ತದೆ, ಎದೆಯ ಸ್ನಾಯುಗಳಿಗೆ ಬಲ ಬರುತ್ತದೆ. ಕಾಶೀಬಾಯಿಯದು ಒಂದೂವರೆ ಲೀಟರಿನಿಂದ ಹತ್ತಿ ಹತ್ತಿ ಎರಡು ದಾಟಿ, 2.10ಕ್ಕೆ ನಿಂತಿತು. ಹಾಗೆ ನಿಂತ ಅತ್ಯುತ್ತಮ ಅಂಕಿಯೇ ಆ ಮನುಷ್ಯನ ಅಳತೆಗೋಲು. ಮುಂದೆ ಬೇರೆ ಯಾರ ಜೊತೆಗೂ ಹೋಲಿಕೆಯಿಲ್ಲ, ತನ್ನ ಜೊತೆಗೇ. ಅದರಲ್ಲಿ ಹತ್ತನೆಯ ಒಂದು ಪಾಲು ಇಳಿದರೆ ಎಚ್ಚರ. ಐದನೆಯ ಒಂದು ಪಾಲು ಇಳಿದು ಅಲ್ಲೇ ನಿಂತರೆ, ಮೈ ಆ ಪರಕೀಯ ಶ್ವಾಸಕೋಶವನ್ನು ನಿಧಾನವಾಗಿ ತಿರಸ್ಕರಿಸುತ್ತಿದೆ, ಸಣ್ಣ ಸಣ್ಣ ಗಾಳಿಕೊಳವೆಗಳು ಗಾಯಗಟ್ಟಿ ಮುಚ್ಚುತ್ತಿವೆ ಎಂಬ ಶಂಕೆ. ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಔಷಧ ಬದಲಿಸಿ ಮುಂದಿನದನ್ನು ತಡೆಯಲು ನೋಡುತ್ತಾರೆ. ಆದ್ದರಿಂದ ಬೇಗ ತಿಳಿಯುವುದೊಂದೇ ದಾರಿ, ಮತ್ತು ಅದು ತಿಳಿಯಬೇಕಾದದ್ದು ನನ್ನ ಯಂತ್ರದಿಂದ.

ಎರಡನೆಯ ವರ್ಷದ ಮಾರ್ಗಶಿರದಲ್ಲಿ ಅವರು 1.96 ಊದಿದರು.

ಚಳಿಯ ಬೆಳಗು. ನಾನು ಸಂಶಯಿಸಿದೆ. ಇಂದು ಉಷ್ಣತೆ ನಮೂದಿಸುವುದನ್ನು ಮರೆತಿದ್ದೇನೆ, ಯಾವುದೋ ಬಿಸಿಲಿನ ದಿನದ್ದೇ ಯಂತ್ರದಲ್ಲಿ ಉಳಿದಿದೆ, ಅದಕ್ಕೇ ಅಂಕಿ ಕಡಿಮೆ ತೋರಿಸುತ್ತಿದೆ ಎಂದುಕೊಂಡೆ. 'ನಂಬಲರ್ಹವಲ್ಲ' ಎಂದು ಬರೆದೆ. ಹಾಗೆ ಬರೆದ ಅಂಕಿಯನ್ನು ಹೈದರಾಬಾದಿಗೆ ಕಳಿಸುವುದಿಲ್ಲ. ಹಲವು ವರ್ಷ ನಾನು ಆ ಬೆಳಗನ್ನು ಹಾಗೆಯೇ ನೆನೆದಿದ್ದೇನೆ. ಜೀಪು ತಡವಾಗಿ ಮುಟ್ಟಿದ್ದು, ಗಡಿಬಿಡಿ, ಉಷ್ಣತಾಮಾಪಕ ಚೀಲದಲ್ಲೇ ಉಳಿದದ್ದು, ಎಲ್ಲ ಕಣ್ಣ ಮುಂದಿತ್ತು. ಈಗ ರಿಜಿಸ್ಟರು ತೆಗೆದರೆ ಎಡ ಅಂಚಿನಲ್ಲಿ ಹತ್ತೊಂಬತ್ತು ಡಿಗ್ರಿ ಎಂದು ಬರೆದಿದೆ. ಅಕ್ಷರ ನನ್ನದು. ಪಕ್ಕದಲ್ಲಿ ಯಂತ್ರಕ್ಕೆ ನಮೂದಿಸಿದ ಗುರುತಿನ ಅಡ್ಡಗೆರೆಯೂ ಇದೆ. ಯಂತ್ರ ಸರಿಯಾಗಿತ್ತು. ಆ ಗಡಿಬಿಡಿಯ ಬೆಳಗು ಯಾವ ದಿನದ್ದು, ಅಥವಾ ಅಂಥದೊಂದು ಇತ್ತೇ ಇಲ್ಲವೇ, ಈಗ ಹೇಳಲಾರೆ.

ಮುಂದಿನ ತಿಂಗಳು ಸಂಕ್ರಾಂತಿ ಕಳೆದ ಮೇಲೆ ಬಂದರು. ಸಿದ್ದಪ್ಪ ಕಬ್ಬಿನ ಹಂಗಾಮಿನಲ್ಲಿ ಲಾರಿಯ ಮೇಲೆ ಹೋಗಿದ್ದ. ಅವನ ಅಣ್ಣ ಮಲಕಣ್ಣ ಕರೆದುಕೊಂಡು ಬಂದಿದ್ದರು. ಐವತ್ತೈದರ ಗಂಭೀರ ಮನುಷ್ಯ, ಬಿಳಿ ಟೋಪಿ, ಕೈಯಲ್ಲಿ ವೈರಿನ ಚೀಲ, ಅದರಲ್ಲಿ ತಮ್ಮನ ಹೆಂಡತಿಯ ಮಾತ್ರೆಗಳನ್ನು ಹೊತ್ತಿನ ಪ್ರಕಾರ ಪೊಟ್ಟಣ ಕಟ್ಟಿಟ್ಟಿದ್ದರು. ಆ ಮನೆತನದಲ್ಲಿ ಭಾವನೆದುರು ಸೆರಗು ಇಳಿಯುವಂತಿಲ್ಲ, ದನಿ ಏರುವಂತಿಲ್ಲ. ಕಾಶೀಬಾಯಿ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ಬಿಸಿ ಹಾಲು ಆರಿಸುವಂತೆ ಊದಿದರು. 1.84.

ನನಗೆ ಖುಷಿಯಾಯಿತು. ನಿಜ ಹೇಳುತ್ತಿದ್ದೇನೆ. ಕಾರಣ ಕಣ್ಣೆದುರೇ ಟೋಪಿ ಹಾಕಿಕೊಂಡು ನಿಂತಿತ್ತು.

"ಮಲಕಣ್ಣಾರ, ಒಂದೀಟು ಹೊರಗ ಕೂಡ್ರಿ."

"ಕೂಡ್ತೇನ್ರಿ. ಒಂದ್ ಮಾತ ಹೇಳೂದಿತ್ರಿ."

"ಆಮ್ಯಾಲ ಹೇಳಾಕಂತ್ರಿ. ನೀವಿದ್ರ ಇಕಿ ಊದೂದಿಲ್ಲ."

ಅವರು ಹೊರಗೆ ಹೋದರು. ನಾನು ಕೂಗಿದೆ, ಕಾಶೀಬಾಯಿ ಸೆರಗು ಸರಿಸಿ ಊದಿದರು, ಅಂಕಿ ಎರಡು ಲೀಟರು ದಾಟಿತು. ಹೀಗೆಂದು ನಾನು ಎಷ್ಟೋ ತರಬೇತಿಗಳಲ್ಲಿ ಹೇಳಿದ್ದೇನೆ. ರೋಗಿಯ ಜೊತೆ ಬಂದವರನ್ನು ಗಮನಿಸಿ ಎಂಬ ಪಾಠಕ್ಕೆ ನನ್ನ ಮೆಚ್ಚಿನ ಉದಾಹರಣೆ ಇದೇ ಆಗಿತ್ತು. ಕೇಳಿದವರು ನಗುತ್ತಿದ್ದರು. ರಿಜಿಸ್ಟರಿನಲ್ಲಿ ಇರುವುದು 1.88. ಏರಿದ್ದು ನಿಜ, ಆದರೆ ಎಚ್ಚರದ ಗೆರೆಯ ಕೆಳಗೇ ಇತ್ತು. ಅದರ ಕೆಳಗೆ ನನ್ನ ಕೈಬರಹದಲ್ಲಿ: 'ಸಂಕೋಚದಿಂದ ಪ್ರಯತ್ನ ಕಡಿಮೆ. ನಂಬಲರ್ಹವಲ್ಲ.'

ಮಲಕಣ್ಣನ ಮಾತನ್ನು ಆಮೇಲೆ ಕೇಳಲಿಲ್ಲ. ಹೊರಗೆ ಸಾಲಿನಲ್ಲಿ ಇನ್ನೂ ಜನ ಇದ್ದರು.

ಮರು ತಿಂಗಳು ನಾನು ರಜೆಯಲ್ಲಿದ್ದೆ, ಪರೀಕ್ಷೆ ಆಗಲಿಲ್ಲ. ಅದರ ಮುಂದಿನ ತಿಂಗಳು, ಯುಗಾದಿಗೆ ಸ್ವಲ್ಪ ಮೊದಲು, ಅವರಿಬ್ಬರೂ ಮತ್ತೆ ಬಂದರು. ನಾನು ಮಲಕಣ್ಣನ ಕಡೆ ನೋಡಿ ಬಾಗಿಲಿಗೆ ಕೈ ತೋರಿಸಿದೆ. ಅವರು ಹೋಗಲಿಲ್ಲ. ತಮ್ಮನ ಹೆಂಡತಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿ ನಿಂತರು.

"ಹೋದ ಸಲ ಆಮ್ಯಾಲ ಅಂದ್ರಿ, ಕೇಳ್ಲಿಲ್ಲ. ಇವತ್ತ ಹೇಳೇ ಹೋಗಾಂವ."

"ಹೇಳ್ರಿ."

"ನನ್ನ ಖೋಲಿಗೂ ಅವ್ರ ಖೋಲಿಗೂ ನಡುವ ಒಂದ ಗ್ವಾಡಿರಿ. ಹೊಲಿಗಿ ಮಷಿನ್ ಸಪ್ಪಳ ದಿನಾ ನನಗ ಕೇಳ್ತೈತಿ. ಆಪರೇಶನ್ ಆಗಿ ಬಂದ ಮ್ಯಾಲ ಕಾಲ ಹಾಕಿದ್ರಂದ್ರ ಅಂಚಿನ ಈ ತುದಿಯಿಂದ ಆ ತುದಿ ತನಕಾ ಮಷಿನ್ ನಿಲ್ತಿರ್ಲಿಲ್ರಿ. ದೀಪಾವಳಿ ಆದ ಮ್ಯಾಲ ನಡುವ ನಿಲ್ಲಾಕ ಹತ್ತೇತಿ. ಮೊದ್ಲ ಒಂದ್ ಸಲ ನಿಲ್ತಿತ್ತು. ಈಗ ಮೂರ್ ಸಲ."

ಸೆರಗಿನೊಳಗಿಂದ ಕಾಶೀಬಾಯಿ ನನಗೆ ಹೇಳಿದರು, "ದಾರ ಹರೀತಿತ್ರಿ ಸಾಹೇಬ್ರ. ಈಗಿನ ದಾರ ಗಟ್ಟಿ ಬರೂದಿಲ್ಲ."

ಮಲಕಣ್ಣ ಗೋಡೆಗೇ ಉತ್ತರಿಸಿದರು. "ದಾರ ಹರದ್ರ ಮತ್ತ ಪೋಣಿಸಾಕ ಹೊತ್ತ ಹಿಡೀತೈತ್ರಿ. ಇದು ಹತ್ತ ಎಣಸೂದ್ರಾಗ ತಿರುಗಿ ಶುರು ಆಗ್ತೈತಿ. ದಾರ ಅಲ್ರಿ ಇದು. ದಮ್ಮು."

ಆಮೇಲೆ ಕಾಶೀಬಾಯಿ ಸಣ್ಣ ದನಿಯಲ್ಲಿ ಹೇಳಿದರು, "ಮತ್ತ ಹೈದರಾಬಾದಿನ ಆ ಗಾಜಿನ ಖೋಲ್ಯಾಗ ಹಾಕ್ತಾರಂತ ಅಂಜಿಕೀರಿ. ಯಾರ ಮಾರಿನೂ ಕಾಣೂದಿಲ್ಲ ಅಲ್ಲಿ. ಅದಕ್ಕ ಹೇಳ್ಲಿಲ್ಲ."

ಈ ಸಲ ಮಲಕಣ್ಣ ಅಲ್ಲೇ ನಿಂತಿದ್ದರು. ಕಾಶೀಬಾಯಿ ಅವರ ಬೆನ್ನ ಹಿಂದೆ ಸೆರಗು ಸರಿಸಿ, ಟೇಬಲ್ಲಿನ ಅಂಚು ಹಿಡಿದು, ಮೂರು ಸಲವೂ ಪೂರ್ತಿ ಊದಿದರು. ನಾನು ಕೂಗುವ ಅಗತ್ಯ ಬೀಳಲಿಲ್ಲ. 1.67. ಐದನೆಯ ಒಂದು ಪಾಲಿಗಿಂತ ಹೆಚ್ಚು ಹೋಗಿತ್ತು.

ಅಂಕಿಯನ್ನು ಆಗಲೇ ಹೈದರಾಬಾದಿಗೆ ತಿಳಿಸಿದೆ. ಎರಡು ದಿನದಲ್ಲಿ ಕರೆಸಿಕೊಂಡರು. ಎದೆಯೊಳಗೆ ಕೊಳವೆ ಇಳಿಸಿ ನೋಡಿದರು, ಸೋಂಕು ಇಲ್ಲವೆಂದು ಖಾತ್ರಿ ಮಾಡಿಕೊಂಡರು, ತಿರಸ್ಕಾರ ಎಂದರು, ಔಷಧ ಬದಲಿಸಿದರು. ಗಾಜಿನ ಖೋಲಿಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ಮಲಕಣ್ಣ ಹೊರಗಿನ ಬೆಂಚಿನ ಮೇಲೆ ಹದಿನೈದು ದಿನವೂ ಇದ್ದರು ಎಂದು ಆಮೇಲೆ ತಿಳಿಯಿತು. ಅಂಕಿ ಇನ್ನೂ ಸ್ವಲ್ಪ ಇಳಿದು, ಒಂದೂವರೆಯ ಮೇಲೆ ನಿಂತಿತು.

ಶುಕ್ರವಾರ ದೊಡ್ಡ ಡಾಕ್ಟರಿಗೆ ಮೂರೂ ವರದಿಗಳನ್ನು ಒಟ್ಟಿಗೆ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನೀ ಎಂ.ಎಸ್ಸಿ. ಮಾಡೀಯಪಾ, ಅದಕ್ಕ ನಿನಗ ಕಾರಣ ಸಿಗ್ತಾವ. ಎಸ್ಸೆಸ್ಸೆಲ್ಸಿ ಆದಾವ ಇದ್ದಿದ್ರ ಬರೇ ನಂಬರ್ ಕಳಸ್ತಿದ್ದ."

"ಕಾರಣ ಖರೇನ ಇತ್ತಲ್ರೀ ಸರ್? ಭಾವ ನಿಂತಿದ್ದು ಖರೆ. ಹೊರಗ ಹಾಕಿದ್ ಮ್ಯಾಲ ನಂಬರ್ ಏರಿದ್ದೂ ಖರೆ."

"ಖರೆ. ಅದಕ್ಕ ಮೋಸಾ ಹೋದಿ. ಸುಳ್ಳ ಕಾರಣ ಇದ್ದಿದ್ರ ಅವತ್ತ ಸಿಕ್ಕ ಬೀಳ್ತಿದ್ದಿ."

ಅವರ ಬಗ್ಗೆ ನನಗೆ ಬೇರೆ ತಕರಾರುಗಳಿವೆ. ಜೀಪಿನ ವಿಷಯದಲ್ಲಿ ಜಗಳವಾಡಿದ್ದೇವೆ, ರಜೆಯ ವಿಷಯದಲ್ಲಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೇವೆ. ಆದರೆ ಈ ಮಾತಿನ ಬಗ್ಗೆ ತಕರಾರಿಲ್ಲ.

ಯಂತ್ರಗಳು ಬದಲಾದವು. ಪೆನ್ನು ಕಾಗದ ಹೋಗಿ ಪರದೆ ಬಂತು. ಈಗಿನವು ಉಷ್ಣತೆಯನ್ನು ತಾವೇ ಅಳೆದುಕೊಳ್ಳುತ್ತವೆ, ತಪ್ಪಾಗಿ ಊದಿದರೆ ಕೆಂಪು ದೀಪ ತೋರಿಸುತ್ತವೆ. ಅಂಗೈಯಗಲದ ಒಂದನ್ನು ಕಾಶೀಬಾಯಿಯ ಮನೆಗೇ ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ಊದಿ ಫೋನಿನಿಂದ ಹೈದರಾಬಾದಿಗೆ ಕಳಿಸಬೇಕು. ನನ್ನಂಥವನ ಕೂಗು ಬೇಕಿಲ್ಲ. ಇದು ಒಳ್ಳೆಯದೇ. ಆದರೆ ಹೊಸ ಯಂತ್ರಕ್ಕೂ ಗೋಡೆಯಾಚೆಯ ಸಪ್ಪಳ ಕೇಳುವುದಿಲ್ಲ. ರೋಗಿಯ ಜೊತೆ ಬಂದವರನ್ನು ಹೊರಗೆ ಕಳಿಸಬೇಕಾದರೆ ಕಳಿಸಿ, ಅದಕ್ಕೆ ಮೊದಲು ಅವರ ಮಾತು ಕೇಳಿ. ಇದನ್ನು ಉಪದೇಶವೆಂದು ಬರೆಯುತ್ತಿಲ್ಲ. ನಾನು ಮಾಡಲಿಲ್ಲ ಎಂದು ಬರೆಯುತ್ತಿದ್ದೇನೆ.

ರಿಜಿಸ್ಟರು ನೋಡಿದ ಮೇಲೆ ಒಂದು ವಾರ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಇದನ್ನು ಅಚ್ಚಿಗೆ ಕೊಡುವ ಮೊದಲು ಕಾಶೀಬಾಯಿಗೆ ಹೇಳಬೇಕು ಎನಿಸಿತು. ಸಿಂದಗಿಗೆ ಹೋಗಿ ಅಲ್ಲಿಂದ ಯಂಕಂಚಿಯ ಬಸ್ಸು ಹಿಡಿದೆ. ತೊಗರಿ ರಾಶಿಯ ಕಾಲ. ಊರ ತುಂಬ ಹೊಟ್ಟಿನ ದೂಳು. ಅವರ ಮನೆಯ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿದ್ದರು. ಮಲಕಣ್ಣ ಹೊಲಕ್ಕೆ ಹೋಗಿದ್ದರು, ಸಿದ್ದಪ್ಪ ಚಹಾ ತರಲು ಒಳಗೆ ಹೋದ. ಕಾಶೀಬಾಯಿ ಮಾಸ್ಕು ಹಾಕಿಕೊಂಡು ನನ್ನಿಂದ ಮಾರು ದೂರದಲ್ಲಿ ಕೂತರು. ಬಿಡುವು ಕೊಟ್ಟು ಕೊಟ್ಟು ಮಾತಾಡುತ್ತಾರೆ, ಆದರೆ ಮಾತು ಮುಗಿಸುತ್ತಾರೆ.

ನಾನು ಹೇಳಿದೆ. ಯಂತ್ರ ಮೊದಲ ಸಲವೇ ಸರಿಯಾಗಿತ್ತು. ಎರಡನೆಯ ಸಲ ನಾನು ಎಲ್ಲರಿಗೂ ಹೇಳಿಕೊಂಡು ಬಂದ ಅಂಕಿ ನಿಜವಲ್ಲ. ಮೂರು ತಿಂಗಳು ನನ್ನ ಸಹಿಯ ಕೆಳಗೆ ಹೋದವು.

ಅವರು ಕೇಳಿದರು, "ಆಗ ಕಳಿಸಿದ್ರಂದ್ರ ಇವತ್ತ ಎಷ್ಟ ಇರ್ತಿತ್ರಿ?"

"ಗೊತ್ತಿಲ್ಲವ್ವಾ. ಹೈದರಾಬಾದಿನವ್ರಿಗೂ ಗೊತ್ತಿಲ್ಲ. ಇಷ್ಟೇ ಇರ್ತಿತ್ತೋ ಏನೋ. ಹೆಚ್ಚಿರ್ತಿತ್ತೋ ಏನೋ."

"ಹಂಗಾರ ಹಂಗ ಬರೀರಿ. ಗೊತ್ತಿಲ್ಲ ಅಂತ." ಉಸಿರು ತೆಗೆದುಕೊಂಡರು. "ನಾನೂ ದಾರ ಹರೀತು ಅಂದಾಕೀನ ಅದೇನಿ. ಅದನ್ನೂ ಬರೀರಿ. ನಿಮ್ಮದಷ್ಟ ಬರದ್ರ ನೀವ ದೊಡ್ಡಾವ್ರಾಗ್ತೀರಿ."

ಸಿದ್ದಪ್ಪ ಚಹಾದ ಕಪ್ಪು ಕೊಡುತ್ತ ನಕ್ಕ. "ಹೇಳಿದ್ನೆಲ್ರಿ, ಜಗಳಗಂಟಂದ ಅಂತ."

ಊದುವ ಹೊತ್ತಾಗಿತ್ತು. ಕಾಶೀಬಾಯಿ ಗೂಡಿನಿಂದ ಆ ಸಣ್ಣ ಯಂತ್ರ ತೆಗೆದು, ಮಾಸ್ಕು ಕೆಳಗಿಳಿಸಿ, ಬೆನ್ನು ನೇರ ಮಾಡಿ ಊದಿದರು. ಮೂರು ಸಲ. ಪರದೆಯನ್ನು ನಾನೂ ಬಗ್ಗಿ ನೋಡಿದೆ: 1.51. ಹಿಂದಿನ ದಿನದ್ದು 1.56 ಎಂದು ಅದರ ಕೆಳಗೇ ತೋರಿಸುತ್ತಿತ್ತು.

ಹೊರಗೆ ಯಾರದೋ ರಾಶಿಯ ಯಂತ್ರ ದೂಳೆಬ್ಬಿಸುತ್ತಿತ್ತು. ದೂಳಿನ ದಿನ, ಪರಸ್ಥಳದವ ಎದುರಿಗೆ ಕೂತಿದ್ದಾನೆ, ಇಷ್ಟು ಹೊತ್ತು ಮಾತಾಡಿ ದಣಿದಿದ್ದಾರೆ, ಅರ್ಧ ತಾಸು ಬಿಟ್ಟು ಮತ್ತೊಮ್ಮೆ ಊದಿದರೆ ಆದೀತು. ಇದನ್ನು ಹೇಳಲು ನಾನು ಬಾಯಿ ತೆರೆದೆ.

ಅವರು ಅಷ್ಟರಲ್ಲಿ ಕಳಿಸಿಯಾಗಿತ್ತು.